ಪಾದ್ರಿಗಳ ಕಲ್ಲಚ್ಚಿನಲ್ಲಿ ದೇವನೂರಿನ ಕವಿ

ಕಡೂರು ತಾಲ್ಲೂಕಿನ ದೇವನೂರನ್ನು ಲಕ್ಷ್ಮೀಶನ ಊರೆಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಸುರಪುರದ ಪರ ವಾದಿಸುವವರೂ ಇದ್ದಾರೆ. ಆದರೆ ‘ಜೈಮಿನಿ ಭಾರತ’ದ ಅಂಕಿತವಾದ ದೇವಪುರದ ಲಕ್ಷ್ಮೀರಮಣನ ಹೆಸರು ಕೇಳಿದರೆ ನಮ್ಮ ಸೀಮೆಯವರಿಗೆ ನೆನಪಾಗುವುದು ದೇವನೂರಿನ ಗುಡಿಯೇ. ಸುಧನ್ವ, ಬಭ್ರುವಾಹನ, ಚಂದ್ರಹಾಸರ ಕಥೆಗಳನ್ನು ವಾರ್ಧಕ ಷಟ್ಪದಿಯಲ್ಲಿ ರಾಗವಾಗಿ ಓದುವುದು, ಓದಿಸಿ ಕೇಳುವುದು ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಲ್ಲಿ ಹಳೆಯ ರೂಢಿ. ಅಶ್ವಮೇಧದ ಕುದುರೆ ಎಲ್ಲಿಗೆ ಓಡಿದರೂ ಈ ಕಾವ್ಯದ ಕೊನೆಯ ಮಾತು ಕೃಷ್ಣಭಕ್ತಿಯೇ.

ಇಂಥ ಕಾವ್ಯವನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ ಅಚ್ಚಿಗೆ ತಂದವರು ಕ್ರಿಸ್ತನೊಬ್ಬನೇ ರಕ್ಷಕನೆಂದು ಸಾರಲು ಬಂದಿದ್ದ ಪಾದ್ರಿಗಳು.

ಹರ್ಮನ್ ಮೋಗ್ಲಿಂಗ್ 1811ರಲ್ಲಿ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯಲ್ಲಿ ಹುಟ್ಟಿ, 1836ರಲ್ಲಿ ಬಾಸೆಲ್ ಮಿಶನ್ನಿನಿಂದ ಮಂಗಳೂರಿಗೆ ಬಂದರು. ಮಿಶನ್ನು ಅಲ್ಲಿ 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆಯಿತು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದು ಆ ಕಲ್ಲಚ್ಚಿನಿಂದಲೇ. ಕಲ್ಲಚ್ಚಿಗೆ ಮೊಳೆ ಜೋಡಿಸುವ ಕೆಲಸವಿಲ್ಲ. ಲಿಪಿಕಾರ ವಿಶೇಷವಾದ ಶಾಯಿಯಲ್ಲಿ ಕೈಯಾರೆ ಬರೆದದ್ದು ಕಲ್ಲಿಗೆ ಇಳಿದು, ಅಲ್ಲಿಂದ ಕಾಗದಕ್ಕೆ ಏರುತ್ತದೆ. ಹೀಗಾಗಿ ಆ ಪುಟಗಳು ನೋಡಲು ಹಸ್ತಪ್ರತಿಯಂತೆಯೇ ಇರುತ್ತವೆ. ಕಡತ ಓದಿ ಅಭ್ಯಾಸವಿದ್ದವರ ಕಣ್ಣಿಗೆ ಅದು ಪರಕೀಯವೆನಿಸಿರಲಾರದು.

1848ರ ಸುಮಾರಿಗೆ ಮೋಗ್ಲಿಂಗ್ ಆರಂಭಿಸಿದ ಗ್ರಂಥಮಾಲೆಯ ಹೆಸರು ‘ಬಿಬ್ಲಿಯೋಥಿಕಾ ಕರ್ನಾಟಿಕಾ’. ಅದರಲ್ಲಿ ಸೇರಿದ್ದನ್ನು ನೋಡಿ: ಲಕ್ಷ್ಮೀಶನ ಜೈಮಿನಿ ಭಾರತ, 1369ರಲ್ಲಿ ಭೀಮಕವಿ ಬರೆದ ಬಸವಪುರಾಣ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ, ಕನಕದಾಸರ ಹರಿಭಕ್ತಿಸಾರ, ದಾಸರ ಪದಗಳು, ಗಾದೆಗಳು. ಒಂದೆಡೆ ಶಿವನೇ ಪರದೈವ, ಇನ್ನೊಂದೆಡೆ ಹರಿಯೇ ಸರ್ವೋತ್ತಮ. ಅಚ್ಚು ಹಾಕಿದವರ ನಂಬಿಕೆಗೆ ಇವೆರಡೂ ಒಗ್ಗುವಂಥವಲ್ಲ.

ಹಣ ಎಲ್ಲಿಂದ ಬಂತು ಎಂಬುದು ಇಲ್ಲಿ ಮುಖ್ಯ. ಧರ್ಮಪ್ರಚಾರಕ್ಕೆಂದು ಭಕ್ತರು ಕೊಟ್ಟ ಕಾಣಿಕೆಯನ್ನು ಬಸವಪುರಾಣಕ್ಕೆ ಖರ್ಚು ಮಾಡುವುದು ಯಾವ ಮಿಶನ್ನಿಗೂ ಸುಲಭವಲ್ಲ. ಮದ್ರಾಸ್ ಸರ್ಕಾರದ ಸೇವೆಯಿಂದ ನಿವೃತ್ತರಾಗಿ ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ಕಾಸಮೇಜರ್ ಈ ಮಾಲೆಗೆ ನೆರವು ಕೊಟ್ಟರು. ಅವರು 1849ರಲ್ಲಿ ತೀರಿಕೊಂಡರು. ಅವರ ಹೆಸರು ಕನ್ನಡಿಗರ ಬಾಯಲ್ಲಿ ಅಷ್ಟಾಗಿ ಕೇಳದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಮೋಗ್ಲಿಂಗ್ ಒಬ್ಬರೇ ಅಲ್ಲ. ಬೆಂಗಳೂರಿನ ವೆಸ್ಲಿಯನ್ ಮಿಶನ್ ಮುದ್ರಣಾಲಯದಿಂದ 1840ರ ದಶಕದಲ್ಲೇ ಭಗವದ್ಗೀತೆ ಹೊರಬಂತು. ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ಸಂಪಾದಿಸಿದವರು ಪಾದ್ರಿ ಜಾನ್ ಗ್ಯಾರೆಟ್. 1852ರಲ್ಲಿ ಡೇನಿಯಲ್ ಸ್ಯಾಂಡರ್ಸನ್ ಅದೇ ಮುದ್ರಣಾಲಯದಿಂದ ಜೈಮಿನಿ ಭಾರತವನ್ನು ಇಂಗ್ಲಿಷ್ ಅನುವಾದ, ಟಿಪ್ಪಣಿಗಳೊಡನೆ ತಂದರು. ಕೆಲವೇ ವರ್ಷಗಳಲ್ಲಿ ಎರಡು ಮಿಶನ್ನುಗಳು ದೇವನೂರಿನ ಕವಿಯ ಕೈ ಹಿಡಿದವು.

ಕನ್ನಡ ಕಲಿಯಬೇಕಾದ ಪಾದ್ರಿಗೆ, ಕಲಿಸಬೇಕಾದ ಶಾಲೆಗೆ, ಭಾಷೆಯ ಪರೀಕ್ಷೆಗೆ ಕೂರುವ ಇಂಗ್ಲಿಷ್ ಅಧಿಕಾರಿಗೆ ಪಠ್ಯ ಬೇಕಿತ್ತು. ಜನರ ನಂಬಿಕೆ ತಿಳಿಯದೆ ಅವರೊಡನೆ ವಾದಿಸಲಾಗದು ಎಂಬ ಲೆಕ್ಕವೂ ಇತ್ತು. ಇದೇ ಮಿಶನ್ನುಗಳು ನಮ್ಮ ಪೂಜೆ, ಜಾತಿಗಳನ್ನು ಖಂಡಿಸುವ ಕಿರುಹೊತ್ತಿಗೆಗಳನ್ನೂ ಅಚ್ಚು ಹಾಕಿದವು. ಅದನ್ನು ಮರೆಮಾಚಿ ಹೊಗಳಬೇಕಾಗಿಲ್ಲ. ಆದರೆ ಬರೀ ಲೆಕ್ಕಾಚಾರದಿಂದ ಯಾರೂ ದಾಸರ ಪದಗಳನ್ನು ಒಂದೊಂದಾಗಿ ಕಲೆಹಾಕಿ 1850ರಲ್ಲಿ ಪ್ರಕಟಿಸಿ, ಹತ್ತು ವರ್ಷಗಳ ಬಳಿಕ ತಮ್ಮ ದೇಶದ ವಿದ್ವತ್ಪತ್ರಿಕೆಯಲ್ಲಿ ಅವುಗಳ ಜರ್ಮನ್ ಅನುವಾದವನ್ನೂ ಹಾಕಿಸುವುದಿಲ್ಲ. ಅಲ್ಲಿ ಪ್ರೀತಿ ಇತ್ತೆಂದೇ ನಾನು ನಂಬುತ್ತೇನೆ. ಈ ಕನ್ನಡದ ಕೆಲಸಕ್ಕಾಗಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಮೋಗ್ಲಿಂಗರಿಗೆ ಡಾಕ್ಟರೇಟ್ ಕೊಟ್ಟಿತು.

ಮುಂದೆ ಕಿಟ್ಟೆಲ್ ಇದೇ ದಾರಿ ಹಿಡಿದರು. 1872ರಲ್ಲಿ ಜೈನ ಕವಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಅವರ ಸಂಪಾದನೆಯಲ್ಲಿ ಮಂಗಳೂರಿನಿಂದ ಬಂದವು. 1894ರ ಅವರ ದೊಡ್ಡ ನಿಘಂಟಿನಲ್ಲಿ ಪದಗಳಿಗೆ ಪ್ರಯೋಗದ ಆಧಾರ ಕೊಡುವಾಗ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ಉಲ್ಲೇಖಿಸಿದ್ದಾರೆ. ಅದನ್ನೂ ಅಚ್ಚು ಹಾಕಿದ್ದು ಬಾಸೆಲ್ ಮಿಶನ್ ಮುದ್ರಣಾಲಯವೇ.

ಇಷ್ಟಾದ ಮೇಲೆ ನನ್ನದೊಂದು ಬೇಡಿಕೆ. ಆ ಕಲ್ಲಚ್ಚಿನ ಜೈಮಿನಿ ಭಾರತದ ಪ್ರತಿಕೃತಿಯನ್ನು ಕಡೂರು, ತರೀಕೆರೆ, ಅಜ್ಜಂಪುರದ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಇಡಬೇಕು, ದೇವನೂರಿನಲ್ಲಂತೂ ಇಡಲೇಬೇಕು. ಬೀರುವಿನೊಳಗೆ ಬೀಗ ಹಾಕಿ ಬೇಡ. ಮಕ್ಕಳು ಪುಟ ತಿರುವಿ, ಆ ಲಿಪಿಕಾರನ ಅಕ್ಷರದಲ್ಲೇ ಚಂದ್ರಹಾಸನ ಕಥೆ ಓದುವಂತೆ ಮೇಜಿನ ಮೇಲಿಡಬೇಕು.