ಶಿವಮೊಗ್ಗೆಯಲ್ಲಿ ಹುಟ್ಟಿದಾಕೆ, ಬೈಕಲಾದ ಸಿನಗಾಗ್

ಸಿ.ಎಸ್.ಎಂ.ಟಿ. ಬಿಟ್ಟ ಸ್ಲೋ ಗಾಡಿ ಮೊದಲು ನಿಲ್ಲುವುದು ಮಸ್ಜಿದ್ ಸ್ಟೇಷನ್ನಿನಲ್ಲಿ. ದಿನವೂ ಅದನ್ನು ದಾಟಿ ಕಾಲೇಜಿಗೆ ಹೋಗುವ ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು, ಆ ಹೆಸರು ಬಂದದ್ದು ಯೆಹೂದ್ಯರ ಪ್ರಾರ್ಥನಾ ಮಂದಿರದಿಂದ ಎಂಬ ಮಾತಿದೆ ಎಂದು? 1796ರಲ್ಲಿ ಆ ಸಿನಗಾಗನ್ನು ಕಟ್ಟಿಸಿದವನು ಸ್ಯಾಮ್ಯುಯಲ್ ಎಝೆಕಿಯಲ್ ದಿವೇಕರ್. ಟಿಪ್ಪು ಸುಲ್ತಾನನ ಸೆರೆಯಿಂದ ಪಾರಾದದ್ದಕ್ಕೆ ಹರಕೆ ತೀರಿಸಿದನೆಂದು ಮರಾಠಿ ಮಾತಾಡುವ ಈ ಬೆನೆ ಇಸ್ರೇಲಿ ಯೆಹೂದ್ಯರು ಹೇಳುತ್ತಾರೆ.

ನಮ್ಮ ನಾಡಿಗೂ ಅವರಿಗೂ ಇರುವ ನಂಟು ಅಷ್ಟೇ ಅಲ್ಲ. ಡಾ. ಜೆರುಶಾ ಝಿರಾಡ್ 1890ರಲ್ಲಿ ಹುಟ್ಟಿದ್ದು ಶಿವಮೊಗ್ಗೆಯಲ್ಲಿ. ಲಂಡನ್ನಿನಲ್ಲಿ ಎಂ.ಡಿ. ಮಾಡಿ, ಕೆಲವು ವರ್ಷ ಬೆಂಗಳೂರಿನ ಹೆರಿಗೆ ಆಸ್ಪತ್ರೆಯಲ್ಲಿದ್ದು, ಆಮೇಲೆ ಮುಂಬಯಿಯ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾದ ಈಕೆಗೆ 1966ರಲ್ಲಿ ಪದ್ಮಶ್ರೀ ಬಂತು. ಓದಲು ಹೋದಾಗ ಅಲ್ಲಿನ ಉದಾರವಾದಿ ಯೆಹೂದ್ಯರ ಪ್ರಾರ್ಥನೆ ಕಂಡು ಮನಸೋತ ಈಕೆ 1925ರಲ್ಲಿ ಮುಂಬಯಿಯಲ್ಲಿ ಅಂಥದೇ ಸಭೆಯನ್ನು ಸ್ಥಾಪಿಸಿದರು. ಅದೇ ಬೈಕಲಾದ ರೋದೆಫ್ ಶಾಲೋಂ, ಅಂದರೆ ಶಾಂತಿಯನ್ನು ಅರಸುವವನು. ನೂರಾರು ಹೆರಿಗೆ ಮಾಡಿಸಿದ ಕೈ ಒಂದು ದೇವರ ಮನೆಯನ್ನೂ ಕಟ್ಟಿತು!

ಈ ರಿಫಾರ್ಮ್ ಪಂಥ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ. ಪ್ರಾರ್ಥನೆಯಲ್ಲಿ ಹೀಬ್ರೂ ಜೊತೆ ಊರಿನ ಭಾಷೆಯೂ ಇರಲಿ, ಹೆಂಗಸರಿಗೆ ಪ್ರತ್ಯೇಕ ಅಟ್ಟ ಬೇಡ, ಕುಟುಂಬ ಒಟ್ಟಿಗೆ ಕೂರಲಿ ಎಂಬಂಥ ಬದಲಾವಣೆಗಳು ಒಂದೊಂದಾಗಿ ಬಂದವು. ಆದರೆ ಹುಟ್ಟು, ಮದುವೆ, ಸಾವುಗಳಲ್ಲಿ ಏನನ್ನು ಉಳಿಸಿದರು, ಏನನ್ನು ಬದಲಿಸಿದರು ಎಂದು ನೋಡಿದರೇ ಪಂಥದ ನಿಜವಾದ ಸ್ವಭಾವ ತಿಳಿಯುವುದು.

ಗಂಡುಮಗುವಿಗೆ ಎಂಟನೆಯ ದಿನ ಸುನ್ನತಿ ಮಾಡಿ ಹೆಸರಿಡುತ್ತಾರೆ. (ಕನ್ನಡದಲ್ಲಿ ಬ್ರಾಹ್ಮಣರ ಉಪನಯನಕ್ಕೂ ಮುಸಲ್ಮಾನರ ಸುನ್ನತಿಗೂ ‘ಮುಂಜಿ’ ಎಂಬ ಒಂದೇ ಮಾತಿರುವುದು ನನಗೆ ಯಾವಾಗಲೂ ಮೋಜೆನಿಸುತ್ತದೆ.) ರಿಫಾರ್ಮ್ ಸಭೆಗಳಲ್ಲಿ ಹೆಣ್ಣುಮಗುವಿಗೂ ಹೆಸರಿಡುವ ವಿಧಿಯನ್ನು ಅಷ್ಟೇ ಗೌರವದಿಂದ ನಡೆಸುತ್ತಾರೆ. ಬೆನೆ ಇಸ್ರೇಲಿಗಳಲ್ಲಂತೂ ತೊಟ್ಟಿಲಿಗೆ ಹಾಕುವ ಪದ್ಧತಿ ಮೊದಲಿನಿಂದಲೂ ಇದೆ. ಶುಭಕಾರ್ಯವಿದ್ದಾಗ ಪ್ರವಾದಿ ಎಲಿಯಾಹುವನ್ನು ನೆನೆದು ‘ಮಲಿದಾ’ ಮಾಡುತ್ತಾರೆ. ಅದೇನೆಂದಿರಾ? ನೆನೆಸಿದ ಅವಲಕ್ಕಿ, ತೆಂಗಿನತುರಿ, ಸಿಹಿ, ಏಲಕ್ಕಿ, ಸುತ್ತ ಹಣ್ಣು. ಗೋಕುಲಾಷ್ಟಮಿಗೆ ನಿಮ್ಮಜ್ಜಿ ಕಲಸುವ ಸಿಹಿ ಅವಲಕ್ಕಿಯೇ! ಬೇರೆ ಯೆಹೂದ್ಯ ಸಮುದಾಯಗಳಲ್ಲಿ ಈ ಪದ್ಧತಿ ಇಲ್ಲ.

ಹದಿಮೂರು ತುಂಬಿದಾಗ ಬಾರ್ ಮಿಟ್ಸ್ವಾ. ಹುಡುಗ ಸಭೆಯೆದುರು ನಿಂತು ತೋರಾದ ಸುರುಳಿಯಿಂದ ಓದಬೇಕು. ಸುರುಳಿಯಲ್ಲಿ ಸ್ವರಚಿಹ್ನೆಗಳಿರುವುದಿಲ್ಲ. ನಮ್ಮ ಕಾಗುಣಿತದ ಇಳಿ, ಗುಡಿಸು, ಕೊಂಬುಗಳನ್ನೆಲ್ಲ ಅಳಿಸಿ ಓದಿರೆಂದರೆ ಹೇಗೆ? ಅದಕ್ಕೆ ತಿಂಗಳುಗಟ್ಟಲೆ ಅಭ್ಯಾಸ. ಓದಿದ ಭಾಗದ ಅರ್ಥವನ್ನು ಮಕ್ಕಳು ಸ್ವಂತ ಮಾತಿನಲ್ಲಿ ಹೇಳುವುದೂ ಉಂಟು. ಹಿಂದೆ ಜರ್ಮನಿಯ ಸುಧಾರಕರು, ಹದಿಮೂರರ ಪೋರನಿಗೆ ಏನು ತಿಳಿದೀತು ಎಂದು, ಇನ್ನಷ್ಟು ದೊಡ್ಡವರಾದ ಮೇಲೆ ಹುಡುಗ ಹುಡುಗಿಯರಿಬ್ಬರಿಗೂ ‘ಕನ್ಫರ್ಮೇಶನ್’ ಎಂಬ ವಿಧಿಯನ್ನು ತಂದರು. ಆದರೆ ಹಳೆಯದು ಬಿಟ್ಟುಹೋಗಲಿಲ್ಲ. ಬಾರ್ ಮಿಟ್ಸ್ವಾ ಮತ್ತೆ ಬಂತು, ಹುಡುಗಿಯರಿಗೆ ಬಾತ್ ಮಿಟ್ಸ್ವಾ ಕೂಡ ಬಂತು. ಅಮೆರಿಕದಲ್ಲಿ ಅದರ ಆರಂಭವೆಂದು ಹೇಳುವುದು 1922ರ ನ್ಯೂಯಾರ್ಕಿನ ಜೂಡಿತ್ ಕಪ್ಲಾನ್ ಎಂಬ ಬಾಲಕಿಯದನ್ನು. ಆಕೆಯ ತಂದೆ ರಿಫಾರ್ಮ್ ಪಂಥದವರಲ್ಲ ಎಂಬುದು ಬೇರೆ ಮಾತು.

ಇಲ್ಲಿ ಸ್ವಲ್ಪ ನಿಮ್ಮ ಕಿವಿ ಹಿಂಡುತ್ತೇನೆ. ಮಾತಾಡುವ ಭಾಷೆ ಒಂದು, ಪ್ರಾರ್ಥನೆಯ ಲಿಪಿ ಇನ್ನೊಂದು ಆಗಿದ್ದರೂ ಆ ಮಕ್ಕಳು ಕಲಿಯುತ್ತಾರೆ. ಈ ಲೇಖನವನ್ನು ನಿಮ್ಮಲ್ಲಿ ಕೆಲವರು ಅಮ್ಮನ ಕೈಲಿ ಓದಿಸಿಕೊಳ್ಳುತ್ತಿರಬಹುದು!

ಮದುವೆಗೆ ಚಪ್ಪರವಿದೆ, ಒಪ್ಪಂದದ ಪತ್ರವಿದೆ. ಸಂಪ್ರದಾಯದಲ್ಲಿ ವರ ಮಾತ್ರ ಉಂಗುರ ತೊಡಿಸುತ್ತಾನೆ. ರಿಫಾರ್ಮ್‌ನಲ್ಲಿ ವಧುವೂ ತೊಡಿಸುತ್ತಾಳೆ. ಮದುವೆ ಮಾಡಿಸುವ ರಬ್ಬಿ ಹೆಂಗಸೂ ಆಗಿರಬಹುದು. ಬರ್ಲಿನ್ನಿನ ರೆಜಿನಾ ಯೋನಾಸ್ 1935ರಲ್ಲೇ ರಬ್ಬಿಯಾದರು, 1944ರಲ್ಲಿ ಆಶ್ವಿಟ್ಸ್‌ನಲ್ಲಿ ಕೊಲೆಯಾದರು. ಅಮೆರಿಕದಲ್ಲಿ ಸ್ಯಾಲಿ ಪ್ರೀಸಂಡ್ ರಬ್ಬಿಯಾದದ್ದು 1972ರಲ್ಲಿ.

ನನ್ನನ್ನು ಹೆಚ್ಚು ತಟ್ಟಿದ್ದು ಸಾವಿನ ವಿಧಿಗಳು. ಶವಕ್ಕೆ ಸ್ನಾನ ಮಾಡಿಸಿ, ಬಡವ ಬಲ್ಲಿದ ಎನ್ನದೆ ಸಾದಾ ಬಿಳಿ ಬಟ್ಟೆ ಉಡಿಸಿ ಬೇಗ ಮಣ್ಣು ಮಾಡುತ್ತಾರೆ. ಏಳು ದಿನ ಮನೆಯವರು ತಗ್ಗಾದ ಆಸನದಲ್ಲಿ ಕೂರುತ್ತಾರೆ, ನೆರೆಯವರು ಅಡಿಗೆ ತರುತ್ತಾರೆ. ಅನೇಕ ರಿಫಾರ್ಮ್ ಕುಟುಂಬಗಳು ಇದನ್ನು ಮೂರು ದಿನಕ್ಕಿಳಿಸಿವೆ. ಇದು ಮಾತ್ರ ನನಗೆ ಸರಿಬರಲಿಲ್ಲ. ದುಃಖಕ್ಕೆ ಆಫೀಸಿನ ರಜೆಯ ಲೆಕ್ಕವೇ?

ತಂದೆ ತಾಯಿಗಾಗಿ ಮಗ ಹನ್ನೊಂದು ತಿಂಗಳು ‘ಕದ್ದಿಶ್’ ಹೇಳುವುದು ವಾಡಿಕೆ. ಅದರಲ್ಲಿ ಸಾವೆಂಬ ಮಾತೇ ಇಲ್ಲ, ಇರುವುದು ಬರೀ ದೇವರ ಸ್ತುತಿ. ಹೇಳಲು ಹತ್ತು ಮಂದಿ ವಯಸ್ಕರು ಕೂಡಬೇಕು. ಸಾಂಪ್ರದಾಯಿಕರಲ್ಲಿ ಆ ಹತ್ತೂ ಮಂದಿ ಗಂಡಸರೇ. ರಿಫಾರ್ಮ್‌ನಲ್ಲಿ ಹೆಂಗಸರನ್ನೂ ಎಣಿಸುತ್ತಾರೆ, ಮಗಳೂ ಕದ್ದಿಶ್ ಹೇಳುತ್ತಾಳೆ.

ಇದನ್ನು ಓದುವಾಗ ನನಗೆ ನನ್ನ ಅಕ್ಕನ ಮಕ್ಕಳು ನೆನಪಾದರು. ಇಬ್ಬರೂ ಹೆಣ್ಣು. ದೊಡ್ಡವಳು ಐದು ತಿಂಗಳು ಕೆಲಸಕ್ಕೆ ರಜೆ ಹಾಕಿ ಭಾವನವರ ಹಾಸಿಗೆಯ ಪಕ್ಕ ಇದ್ದವಳು. ಅವರು ಹೋದ ದಿನ, ವರ್ಷಕ್ಕೊಮ್ಮೆಯೂ ಮುಖ ತೋರಿಸದ ದಾಯಾದಿ ಹುಡುಗ ಹುಬ್ಬಳ್ಳಿಯಿಂದ ಬರುವವರೆಗೆ ಎಲ್ಲರೂ ಕಾದೆವು. ಕೊಳ್ಳಿ ಇಟ್ಟವನು ಅವನೇ. “ಚಿಕ್ಕಮ್ಮ, ಅಪ್ಪನಿಗೆ ಇವನ ಪೂರ್ತಿ ಹೆಸರೂ ಗೊತ್ತಿರಲಿಲ್ಲ” ಎಂದಳು ಅವಳು. ನಾನು ಸುಮ್ಮನಿದ್ದೆ. ಈಗೀಗ ನಮ್ಮಲ್ಲೂ ಕೆಲವು ಹೆಣ್ಣುಮಕ್ಕಳು ಮುಂದೆ ಬಂದು ಕೊಳ್ಳಿ ಇಡುತ್ತಿದ್ದಾರೆ, ನಿಜ. ಆದರೆ ನಿಮ್ಮ ಮನೆಯಲ್ಲಿ ಯಾರು ಎಂಬುದನ್ನು ಅಪ್ಪ ಅಮ್ಮ ಗಟ್ಟಿಯಾಗಿರುವಾಗಲೇ ಕೇಳಿಡಿ. ಅಪಶಕುನ ಎಂದು ಬೈದರೆ ನನ್ನ ಹೆಸರು ಹೇಳಿ.

ಕದ್ದಿಶ್ ಹೇಳುವಾಗ ಹಲವು ಸಾಂಪ್ರದಾಯಿಕ ಸಭೆಗಳಲ್ಲಿ ದುಃಖದಲ್ಲಿರುವವರಷ್ಟೇ ಎದ್ದು ನಿಲ್ಲುತ್ತಾರೆ. ರಿಫಾರ್ಮ್ ಸಭೆಗಳಲ್ಲಿ ಇಡೀ ಸಭೆಯೇ ಏಳುವುದುಂಟು. ಹಿಟ್ಲರನ ಕಾಲದಲ್ಲಿ ಮನೆಮಂದಿಯೆಲ್ಲ ಒಟ್ಟಿಗೆ ಸತ್ತು, ಕದ್ದಿಶ್ ಹೇಳಲು ಮಗನೂ ಮಗಳೂ ಉಳಿಯದವರಿಗಾಗಿ ಕೂಡ ಅವರು ಹಾಗೆ ನಿಲ್ಲುತ್ತಾರೆ.