ಸೊನ್ನೆಯಿಂದ ಹತ್ತು ಸಾವಿರಕ್ಕೆ: ಎಲೆ ಎಸೆಯಲು ಕಲಿತವನೇ ಜಾಣ!

ದಾವಣಗೆರೆ: ಇಸ್ಪೀಟು ಆಡಬೇಕೆಂದರೆ ಹಿಂದೆ ಊರಾಚೆಯ ಜಾಲಿ ಗಿಡದ ಮರೆ ಬೇಕಿತ್ತು, ಹಾಸಲು ಒಂದು ಗೋಣಿಚೀಲ ಬೇಕಿತ್ತು, ಪೊಲೀಸ್ ಜೀಪು ಕಂಡರೆ ಶಿಳ್ಳೆ ಹಾಕಲು ಒಬ್ಬ ಹುಡುಗ ಬೇಕಿತ್ತು. ಹಬ್ಬ ಬಂತೆಂದರೆ 'ಅಂದರ್-ಬಾಹರ್ ಅಡ್ಡೆ ಮೇಲೆ ದಾಳಿ' ಎಂಬ ಸುದ್ದಿ ತಪ್ಪುತ್ತಿರಲಿಲ್ಲ. ಮೊಬೈಲು ಬಂದ ಮೇಲೆ ಜಾಲಿ ಗಿಡವೂ ಬೇಡ, ಗೋಣಿಚೀಲವೂ ಬೇಡ. ಒಂದು ಕೈಯಲ್ಲಿ ಮಂಡಕ್ಕಿ-ಮಿರ್ಚಿ, ಇನ್ನೊಂದು ಕೈಯಲ್ಲಿ ಆಟ. ರಮ್ಮಿ ಆಯಿತು, ಅದರ ಹಿಂದೆಯೇ ಪೋಕರ್ ಬಂತು. ಐವತ್ತು-ನೂರು ರೂಪಾಯಿ ಪ್ರವೇಶದ ಟೂರ್ನಮೆಂಟುಗಳಿಗೆ ನಮ್ಮ ಹುಡುಗರೂ ಕೂತರು. ಕೇಳಿದರೆ, 'ಇದು ಜೂಜಲ್ಲ ಅಣ್ಣಾ, ತಲೆ ಆಟ' ಎಂಬ ಉತ್ತರ.

ತಲೆ ಆಟವೇ ಹೌದು ಸ್ವಾಮಿ, ಇಲ್ಲವೆಂದವರು ಯಾರು? ಆದರೆ ಆ ತಲೆಯನ್ನು ಎಲ್ಲಿ ಓಡಿಸಬೇಕು ಎಂಬುದು ಎಷ್ಟು ಜನಕ್ಕೆ ಗೊತ್ತು?

ಕೈಗೆ 2, ಮೇಜಿಗೆ 5

ಗೊತ್ತಿಲ್ಲದವರಿಗೆ ಎರಡು ಮಾತು. ಪ್ರತಿಯೊಬ್ಬನ ಕೈಗೆ 2 ಎಲೆ, ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ 5 ಎಲೆ. ಈ ಏಳರಲ್ಲಿ ಯಾರ ಐದು ದೊಡ್ಡದೋ ಅವರದು ಗೆಲುವು. ಟೂರ್ನಮೆಂಟಿನಲ್ಲಿ ಪ್ರವೇಶ ಹಣ ಕಟ್ಟಿದರೆ ಬಿಲ್ಲೆಗಳು ಸಿಗುತ್ತವೆ. ಬಿಲ್ಲೆ ಮುಗಿದವನು ಮನೆಗೆ. ಪ್ರತಿ ಕೈಯಲ್ಲೂ ಎಲೆ ನೋಡುವ ಮೊದಲೇ ಇಬ್ಬರು ಪಣ ಕಟ್ಟಬೇಕು, ಅದಕ್ಕೆ ಬ್ಲೈಂಡ್ ಎನ್ನುತ್ತಾರೆ. ಹೊತ್ತು ಹೋದಂತೆ ಬ್ಲೈಂಡ್ ಏರುತ್ತಲೇ ಇರುತ್ತದೆ. ಸಾಮಾನ್ಯವಾಗಿ ನೂರು ಜನರಲ್ಲಿ ಹತ್ತು-ಹದಿನೈದು ಮಂದಿಗೆ ಮಾತ್ರ ಬಹುಮಾನ. ಅದರಲ್ಲೂ ದೊಡ್ಡ ಪಾಲು ಮೇಲಿನ ಮೂರ್ನಾಲ್ಕು ಜನಕ್ಕೆ.

ಎಸೆಯುವುದೇ ವಿದ್ಯೆ

ಸಣ್ಣ ಟೂರ್ನಮೆಂಟಿಗೆ ಬರುವವನ ದೊಡ್ಡ ಕಾಯಿಲೆ ಎಂದರೆ 'ದುಡ್ಡು ಕೊಟ್ಟಾಗಿದೆ, ಆಡೇ ಬಿಡೋಣ' ಎನ್ನುವುದು. ಜೋಡಿ ಎಕ್ಕ ಬರುವುದು ಸರಾಸರಿ 221 ಕೈಗೆ ಒಂದು ಸಲ. ಒಳ್ಳೆಯ ಎಲೆ ಅಪರೂಪ. ತುಂಬಿದ ಮೇಜಿನಲ್ಲಿ ಹತ್ತು ಕೈಗೆ ಏಳೆಂಟನ್ನಾದರೂ ಎಸೆದು ಸುಮ್ಮನೆ ಕೂರಬಲ್ಲವನಿಗೆ ಅರ್ಧ ವಿದ್ಯೆ ಬಂತೆಂದೇ ಲೆಕ್ಕ.

ಎರಡನೆಯದು ಕೂರುವ ಜಾಗ. ಎಪಿಎಂಸಿ ಹರಾಜಿನಲ್ಲಿ ಉಳಿದವರು ಎಷ್ಟು ಕೂಗಿದರು ಎಂದು ಕೇಳಿಸಿಕೊಂಡು ಆಮೇಲೆ ಬಾಯಿ ಬಿಡುವವನೇ ಚಾಲಾಕಿ. ಪೋಕರಿನಲ್ಲೂ ಅಷ್ಟೇ. ಕೊನೆಗೆ ಮಾತಾಡುವ ಜಾಗದಲ್ಲಿದ್ದಾಗ ಸುಮಾರಾದ ಎಲೆಯನ್ನೂ ಆಡಬಹುದು. ಮೊದಲೇ ಮಾತಾಡಬೇಕಾದಾಗ ಅದೇ ಎಲೆ ಕಸ.

ಮೂರನೆಯದು ಸುಳ್ಳು ಹೊಡೆಯುವುದು, ಅಂದರೆ ಬ್ಲಫ್. ಸಿನಿಮಾದಲ್ಲಿ ನೋಡಲು ಚೆಂದ. ಸಣ್ಣ ದುಡ್ಡಿನ ಮೇಜಿನಲ್ಲಿ ಎದುರಿನವನು ಕೈಯಲ್ಲಿ ಏನಿದ್ದರೂ 'ನೋಡೇ ಬಿಡ್ತೀನಿ' ಎನ್ನುತ್ತಾನೆ. ಅವನಿಗೆ ಬ್ಲಫ್ ಮಾಡುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಅಲ್ಲಿ ನಿಜವಾಗಿ ಒಳ್ಳೆಯ ಎಲೆ ಬಂದಾಗ ಹೆಚ್ಚು ಕಟ್ಟಬೇಕು, ಉಳಿದ ಹೊತ್ತು ತೆಪ್ಪಗಿರಬೇಕು.

ಬಿಲ್ಲೆಯಲ್ಲ, ಬ್ಲೈಂಡ್ ಎಣಿಸಿ

ನಿಮ್ಮ ಬಳಿ 3,000 ಬಿಲ್ಲೆ ಇವೆ. ದೊಡ್ಡ ಬ್ಲೈಂಡ್ 100 ಇದ್ದಾಗ ಅದು 30 ಬ್ಲೈಂಡಿನ ಸಂಪತ್ತು, ಕಾಯಲು ಪುರುಸೊತ್ತುಂಟು. ಬ್ಲೈಂಡ್ 300ಕ್ಕೆ ಏರಿದಾಗ ಅದೇ ಬಿಲ್ಲೆ ಬರೀ 10 ಬ್ಲೈಂಡ್. ಆಗ ಒಂದಿಷ್ಟು ಕಟ್ಟಿ ನೋಡುವ ಆಟ ನಡೆಯದು. ಇದ್ದದ್ದೆಲ್ಲ ಒಟ್ಟಿಗೆ ಮುಂದಕ್ಕೆ ತಳ್ಳಬೇಕು, ಇಲ್ಲವೇ ಎಸೆಯಬೇಕು. ಎಕ್ಕ ಬರಲೆಂದು ಕಾದು ಕೂತವನನ್ನು ಬ್ಲೈಂಡೇ ತಿಂದು ಹಾಕುತ್ತದೆ.

ಬಹುಮಾನದ ಹೊಸ್ತಿಲಲ್ಲಿ ಇನ್ನೊಂದು ಲೆಕ್ಕ. 12 ಬಹುಮಾನ, 13 ಜನ ಉಳಿದಿದ್ದಾರೆ ಎನ್ನಿ. ಒಬ್ಬನ ಬಳಿ ಮೂರೇ ಬ್ಲೈಂಡ್, ನಿಮ್ಮ ಬಳಿ ಹದಿನೈದು. ಈಗ ನಿಮಗಿಂತ ದೊಡ್ಡ ರಾಶಿಯವನ ಜತೆ ಅರ್ಧಕ್ಕರ್ಧ ಅವಕಾಶದ ಜಗಳಕ್ಕೆ ಬೀಳುವುದು ಹುಚ್ಚು. ಗೆದ್ದರೆ ಬಿಲ್ಲೆ ಎರಡರಷ್ಟಾಗುತ್ತದೆ, ಆದರೆ ಕೈಗೆ ಬರಬಹುದಾದ ಬಹುಮಾನ ಎರಡರಷ್ಟಾಗುವುದಿಲ್ಲ. ಸೋತರೆ ಮಾತ್ರ ಎಲ್ಲವೂ ಹೋಯಿತು. ಪಿಯುಸಿ ದಾಟದ ಈ ವರದಿಗಾರನಿಗೂ ಅರ್ಥವಾಗುವ ಗಣಿತ ಇದು.

ಎಕ್ಕಕ್ಕೂ ಸೋಲುಂಟು

ಇಷ್ಟೆಲ್ಲ ಕಲಿತರೆ ಗೆದ್ದಂತೆಯೇ? ನಿಲ್ಲಿ. ಜೋಡಿ ಎಕ್ಕಕ್ಕೆ ಜೋಡಿ ರಾಜ ಎದುರಾದರೂ ಎಕ್ಕ ಗೆಲ್ಲುವುದು ನೂರಕ್ಕೆ ಸುಮಾರು 82 ಸಲ. ಅಂದರೆ ಐದಾರು ಸಲಕ್ಕೊಮ್ಮೆ ತಪ್ಪೇ ಮಾಡದವನೂ ಮಣ್ಣು ಮುಕ್ಕುತ್ತಾನೆ. ಟೂರ್ನಮೆಂಟ್ ಗೆಲ್ಲಲು ಇಂಥ ಅಗ್ನಿಪರೀಕ್ಷೆ ಐದು ಸಲ ಬಂತೆನ್ನಿ, ಪ್ರತಿ ಸಲವೂ ಶೇ. 80 ಅವಕಾಶ ನಿಮ್ಮದೇ. ಐದನ್ನೂ ದಾಟುವುದು ನೂರಕ್ಕೆ 33 ಸಲ ಮಾತ್ರ. ಚೆನ್ನಾಗಿ ಆಡುವವನೂ ವಾರಗಟ್ಟಲೆ ಬರಿಗೈಯಲ್ಲಿ ಏಳುವುದು ಇದಕ್ಕೇ.

ಅದಕ್ಕಾಗಿ ಎಲೆಗಿಂತ ಮೊದಲು ಗಂಟು ಕಾಯಬೇಕು. ಇದನ್ನು ತೋರಿಸಿಕೊಟ್ಟವನು ಅಮೆರಿಕದ ಕ್ರಿಸ್ ಫರ್ಗ್ಯೂಸನ್. ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವನು, 2000ರಲ್ಲಿ ಲಾಸ್ ವೇಗಾಸ್‌ನ ವಿಶ್ವ ಪೋಕರ್ ಸರಣಿಯ ಮುಖ್ಯ ಪಂದ್ಯ ಗೆದ್ದು 15 ಲಕ್ಷ ಡಾಲರ್ ಎತ್ತಿದವನು. ಈತ 2006ರಲ್ಲಿ ಒಂದು ಪಂಥ ತೊಟ್ಟ: ಜೇಬಿನಿಂದ ಒಂದು ಕಾಸೂ ಹಾಕದೆ, ಪುಕ್ಕಟೆ ಟೂರ್ನಮೆಂಟುಗಳಿಂದ ಶುರು ಮಾಡಿ 10,000 ಡಾಲರ್ ಮಾಡುವುದು. ಟೂರ್ನಮೆಂಟಿಗೆ ಇದ್ದ ಗಂಟಿನ ಶೇ. 2ಕ್ಕಿಂತ ಹೆಚ್ಚು ಕಟ್ಟಬಾರದು ಎಂಬುದು ಆತನ ಕಟ್ಟಳೆ. ಒಂದು ಡಾಲರಿನ ಆಟಕ್ಕೆ ಮಾತ್ರ ವಿನಾಯಿತಿ. ಮಾಡಿ ತೋರಿಸಿದ. ಆದರೆ ವಿಶ್ವ ಚಾಂಪಿಯನ್ನನಿಗೂ ವರ್ಷಕ್ಕೂ ಮಿಕ್ಕಿ ಹಿಡಿಯಿತು!

ಅದೇ ಕಟ್ಟಳೆಯಲ್ಲಿ ಅಳೆದರೆ 55 ರೂಪಾಯಿ ಪ್ರವೇಶಕ್ಕೆ ಗಂಟು 2,750 ರೂಪಾಯಿ ಇರಬೇಕು, ಅದೂ ಹೋದರೆ ಮನೆಯಲ್ಲಿ ಒಲೆ ಆರದಂಥ ದುಡ್ಡು. ಸಂಬಳದ ದಿನ ಐನೂರು ಹಾಕಿ ರಾತ್ರಿಯೊಳಗೆ ಮುಗಿಸಿದವನು 'ತಲೆ ಆಟ' ಎಂದು ಯಾರಿಗೆ ಹೇಳಬೇಕು?

ಆಡಿಸುವವನ ಗಲ್ಲಾ

ಆ 55ರಲ್ಲಿ 50 ಬಹುಮಾನಕ್ಕೆ, 5 ಆಡಿಸುವವನಿಗೆ ಎಂದಿಟ್ಟುಕೊಳ್ಳಿ. ನೂರು ಜನ ಕೂತರೆ ಅವನಿಗೆ 500 ಗ್ಯಾರಂಟಿ, ಯಾರೇ ಗೆಲ್ಲಲಿ. ಎಲ್ಲರಷ್ಟೇ ಚೆನ್ನಾಗಿ ಆಡುವವನು ನೂರು ಆಟಕ್ಕೆ ಸರಾಸರಿ 500 ರೂಪಾಯಿ ಕಳೆದುಕೊಳ್ಳುತ್ತಾನೆ. ಉಳಿದವರಷ್ಟೇ ಜಾಣನಾದರೆ ಸಾಲದು, ಗಲ್ಲಾದ ಪಾಲನ್ನೂ ಮೀರಿಸುವಷ್ಟು ಜಾಣನಾಗಬೇಕು.

ಇನ್ನು ಕಾನೂನು. 2021ರಲ್ಲಿ ರಾಜ್ಯ ಸರಕಾರ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಕಾಯಿದೆ ಮಾಡಿತು: ತಲೆ ಆಟವಿರಲಿ, ಅದೃಷ್ಟದ ಆಟವಿರಲಿ, ಹಣ ಕಟ್ಟಿಸಿಕೊಂಡು ಆನ್‌ಲೈನ್‌ನಲ್ಲಿ ಆಡಿಸುವಂತಿಲ್ಲ. ಆಡಿಸಿದವನಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ. ದೇಶದ ದೊಡ್ಡ ಕಂಪನಿಗಳು ಅದೇ ತಿಂಗಳು ಹಣದ ಮೇಜು ಮಡಚಿದವು.

ಹಾಗೆಂದು ಎಲ್ಲ ಬಾಗಿಲೂ ಮುಚ್ಚಿತೆಂದಲ್ಲ. ಹೊರದೇಶದ ಕಂಪನಿಗಳ ಕಳ್ಳ ಬಾಗಿಲುಗಳಿವೆ. ಅಲ್ಲಿಗೆ ಹೋಗುವವರು ಫರ್ಗ್ಯೂಸನ್ ಪಂಥ ಗೆದ್ದ 'ಫುಲ್ ಟಿಲ್ಟ್' ಕಂಪನಿಯ ಕಥೆ ಕೇಳಬೇಕು. ಅದರ ಸ್ಥಾಪಕರಲ್ಲಿ ಆತನೂ ಒಬ್ಬ. 2011ರ ಏಪ್ರಿಲ್ 15ರಂದು ಅಮೆರಿಕ ಸರಕಾರ ಬೀಗ ಜಡಿದಾಗ, ಆಟಗಾರರ ಖಾತೆಯಲ್ಲಿ ಕಾಣುತ್ತಿದ್ದಷ್ಟು ಹಣ ಕಂಪನಿಯ ಬಳಿ ಇರಲೇ ಇಲ್ಲ ಎಂಬುದು ಬಯಲಾಯಿತು. ಚೆನ್ನಾಗಿ ಆಡಿ ಗೆದ್ದವರೂ ವರ್ಷಗಟ್ಟಲೆ ಬಾಯಿ ಬಾಯಿ ಬಿಡಬೇಕಾಯಿತು. ಕೊನೆಗೆ ಇನ್ನೊಂದು ಕಂಪನಿ ಕೊಂಡುಕೊಂಡ ಮೇಲೆಯೇ ಹಣ ಹಿಂದಿರುಗುವ ದಾರಿಯಾದದ್ದು. ಅಮೆರಿಕದಲ್ಲೇ ಹೀಗಾದರೆ, ಕಾನೂನಿಗೆ ಕದ್ದು ಆಡುವ ನಮ್ಮ ಹುಡುಗ ಯಾವ ಠಾಣೆಗೆ ದೂರು ಕೊಡುತ್ತಾನೆ?

ಆಟದ ರುಚಿ ಹತ್ತಿದವರು ಪುಕ್ಕಟೆ ಬಿಲ್ಲೆಯ ಮೇಜಿನಲ್ಲಿ ಕೂತು ಈ ಲೆಕ್ಕಗಳನ್ನು ಪಳಗಿಸಿಕೊಳ್ಳಲಿ. ತಲೆಗೂ ವ್ಯಾಯಾಮ, ಜೇಬಿಗೂ ಕ್ಷೇಮ. 'ಇಷ್ಟು ಹಾಕಿ, ಅಷ್ಟು ತೆಗೆಯಿರಿ' ಎಂಬ ಲಿಂಕು ಮೊಬೈಲಿಗೆ ಬಂದೇ ಬರುತ್ತದೆ. ಹತ್ತು ಕೈಯಲ್ಲಿ ಎಂಟು ಎಲೆ ಎಸೆಯಲು ಕಲಿತವನಿಗೆ ಅದನ್ನೂ ಎಸೆಯುವುದು ಕಷ್ಟವಾಗಬಾರದು.