ಎಷ್ಟು ಕಂಪ್ಯೂಟರ್ ಭಾಷೆ ಬೇಕು?

ಹಾನಗಲ್ಲಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಐದು ಕಂಪ್ಯೂಟರ್ ಭಾಷೆಗಳ ಪ್ರಮಾಣಪತ್ರ ತಂದು ತೋರಿಸಿದ. ಫೀ ತುಂಬಲು ತಂದೆ ಸಾಲ ಮಾಡಿದ್ದರು. ಆ ಸಾಲದ ಬಡ್ಡಿಯನ್ನೇ ಒಂದು ಭಾಷೆಯಲ್ಲಿ ಲೆಕ್ಕಹಾಕೆಂದರೆ ತಡವರಿಸಿದ!

ಹಾಗೆಂದು ಎರಡನೆಯ ಭಾಷೆ ವ್ಯರ್ಥವಲ್ಲ. ಸಂಸ್ಕೃತದಲ್ಲಿ ದ್ವಿವಚನವುಂಟು, ಕನ್ನಡದಲ್ಲಿಲ್ಲ. ಯಾವುದು ಭಾಷೆಗೆ ಅನಿವಾರ್ಯ, ಯಾವುದು ಬರಿಯ ರೂಢಿ ಎಂಬುದು ಎರಡನ್ನೂ ಬಲ್ಲವನಿಗೇ ಹೊಳೆಯುವುದು. ಡೆನಿಸ್ ರಿಚಿಯವರ ‘ಸಿ’ ಭಾಷೆಯಲ್ಲಿ, ಸಂಖ್ಯೆಯು ಪೂರ್ಣಾಂಕವೋ ದಶಾಂಶವೋ ಎಂದು ಮೊದಲೇ ಸಾರಬೇಕು. 1991ರಲ್ಲಿ ಹೊರಬಂದ ‘ಪೈಥಾನ್’ ಅದನ್ನು ಕೇಳುವುದೇ ಇಲ್ಲ. ‘ಹೀಗಿದ್ದರೆ ಹೀಗೆ ಮಾಡು’ ಎಂಬ ಷರತ್ತು ಮಾತ್ರ ಎರಡರಲ್ಲೂ ಉಂಟು. ಒಂದರಲ್ಲಿ ಪಳಗಿದವನಿಗೆ ಇನ್ನೊಂದು ಬೇಗ ಒಲಿಯುವುದು. ಐದನ್ನೂ ಒಮ್ಮೆಗೇ ಹಿಡಿದವನು ಐದರ ಮೊದಲ ಪಾಠದಲ್ಲೇ ನಿಲ್ಲುವನು.

ಸದ್ಯಕ್ಕೆ ಪೈಥಾನೊಂದೇ ಸಾಕೆಂದೆ. ಮೂರನೆಯ ದಿನ ಹುಡುಗ ಓಡಿಬಂದ: ಬಡ್ಡಿಯನ್ನು ಎರಡು ಸಲ ಕೂಡಿಸಿದ್ದನಂತೆ, ತಪ್ಪನ್ನು ತಾನೇ ಹಿಡಿದನಂತೆ.